ಹಳೆ ಗೇಮ್ ಸಂಗೀತಕ್ಕೆ: ಎಂಟಿ-32, ಎಸ್‌ಸಿ-55, ಸೌಂಡ್ ಬ್ಲಾಸ್ಟರ್

ಹಾಸನದ ಮನೆಯ ಅಟ್ಟದಿಂದ ಹಳೆ ಡಾಸ್ ಕಂಪ್ಯೂಟರ್ ಇಳಿಸಿದ್ದೀರಾ? ಮೊದಲು ನಿಮ್ಮ ಗೇಮ್‌ಗಳು ಯಾವ ಕಾಲದವು ನೋಡಿ.

ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಸಂಗೀತದ ಪೆಟ್ಟಿಗೆ, 1987ರ ರೋಲ್ಯಾಂಡ್ ಎಂಟಿ-32ಕ್ಕೆಂದೇ ಸಂಗೀತ ಬರೆದ ಸಾಹಸದ ಗೇಮ್‌ಗಳಿವೆ. ಎಷ್ಟೋ ಗೇಮ್‌ಗಳು ಶುರುವಾಗುವಾಗಲೇ ತಮ್ಮದೇ ವಾದ್ಯದ ದನಿಗಳನ್ನು ಅದರೊಳಗೆ ತುಂಬುತ್ತವೆ. ಆಗ ಅದರ ಪುಟ್ಟ ಪರದೆಯ ಮೇಲೆ ಸಂದೇಶವೂ ಮೂಡುತ್ತದೆ. ಅದೇ ಗೇಮನ್ನು ರೋಲ್ಯಾಂಡಿನದೇ ಇನ್ನೊಂದು ಪೆಟ್ಟಿಗೆ, 1991ರ ಎಸ್‌ಸಿ-55ಕ್ಕೆ ಜೋಡಿಸಿದರೆ ಕೊಳಲಿರಬೇಕಾದ ಕಡೆ ಇನ್ನೇನೋ ಕೇಳಬಹುದು. ಆಮೇಲೆ ಬಂದ, ಯಾವ ಸಂಖ್ಯೆಗೆ ಯಾವ ವಾದ್ಯ ಎಂದು ಮೊದಲೇ ಗೊತ್ತುಮಾಡಿದ ಜನರಲ್ ಮಿಡಿ ಪದ್ಧತಿಯ ಗೇಮ್‌ಗಳಿಗಾದರೆ ಎಸ್‌ಸಿ-55 ಹೇಳಿ ಮಾಡಿಸಿದ್ದು.

ಒಂದೇ ಕೊಳ್ಳುವುದಾದರೆ ಕಂಪ್ಯೂಟರಿನೊಳಗೆ ಕೂರಿಸುವ ಸೌಂಡ್ ಕಾರ್ಡ್, ಸೌಂಡ್ ಬ್ಲಾಸ್ಟರ್ 16 ಕೊಳ್ಳಿ. ಸಂಗೀತ ನುಡಿಸುವ ಅದರ ಯಮಹಾ ಚಿಪ್ಪಿನ ದನಿ ಒರಟು, ಆದರೆ ರೆಕಾರ್ಡ್ ಮಾಡಿದ ಮಾತು, ಗುಂಡಿನ ಸದ್ದು ಈ ಕಾರ್ಡಿನಲ್ಲೇ ಬರುತ್ತವೆ. ನನ್ನ ಮನಸ್ಸು ಮಾತ್ರ ಎಂಟಿ-32 ಕಡೆಗೇ. ಜಪಾನಿನಿಂದ ತರಿಸಿದರೆ ಅಲ್ಲಿನ 100 ವೋಲ್ಟ್ ಅಡಾಪ್ಟರನ್ನು ನಮ್ಮ 230ಕ್ಕೆ ನೇರವಾಗಿ ಚುಚ್ಚಬೇಡಿ.