ಆಲ್ಟರ್ನೇಟರ್ ಹೋದರೆ: ಹೊಸದೋ, ರೀಕಂಡೀಷನ್ನೋ, ಇದ್ದದ್ದರ ರಿಪೇರಿಯೋ?

ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿ ಗಾಡಿ ಇಟ್ಟವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡಿ ಲೈಟಿಗೂ ಕರೆಂಟು ಕೊಡುವ ಆಲ್ಟರ್ನೇಟರಿನ ಒಳಗಿನ ಕಾಯಿಲ್ ಚೆನ್ನಾಗಿದ್ದರೆ ನಿಮ್ಮದನ್ನೇ ಕಣ್ಣೆದುರು ಬಿಚ್ಚಿಸಿ ರಿಪೇರಿ ಮಾಡಿಸಿ. ಕಾಯಿಲ್ ಸುಟ್ಟಿದ್ದರೆ ಹೊಸದು ಹಾಕಿ. ಹಳೆಯದನ್ನು ಕೊಟ್ಟು, ಮೇಲೆ ಹಣ ಹಾಕಿ ತರುವ ರೀಕಂಡೀಷನ್ ಮಾಲು ಕೊನೆಯ ಆಯ್ಕೆಯಾಗಿರಲಿ. ನಮ್ಮ ಕುಟುಂಬದಲ್ಲಿ ಮೂರೂ ಆಗಿವೆ: ತಮ್ಮನ ಬಾಡಿಗೆ ಬೊಲೆರೋಕ್ಕೆ ರಿಪೇರಿ, ಶಿರಸಿ ಭಾವನ ಓಮ್ನಿಗೆ ರೀಕಂಡೀಷನ್, ಕುಮಟಾದಲ್ಲಿರುವ ನನ್ನ ಸ್ವಿಫ್ಟಿಗೆ ಹೊಸದು. ಮೂರೂ ಗಾಡಿಗಳು ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿ ಇಳಿಯುವಂಥವು, ಮೂರೂ ಮಳೆಗಾಲ ಕಂಡಂಥವು. ಹಾಗಾಗಿ ಹೋಲಿಸಲು ಸಾಕಷ್ಟು ಆಧಾರ ಸಿಕ್ಕಿದೆ.

ಯಾವುದನ್ನು ಹಾಕಿಸಬೇಕು ಎಂದು ಯೋಚಿಸುವ ಮೊದಲು ಆಲ್ಟರ್ನೇಟರ್ ನಿಜವಾಗಿಯೂ ಕೆಟ್ಟಿದೆಯೇ ಎಂದು ನೋಡಬೇಕು. ಅದಕ್ಕೊಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಇಂಜಿನ್ ಚಾಲೂ ಮಾಡಿದ ಮೇಲೆ ಅದೇ ಟರ್ಮಿನಲ್‌ಗಳಲ್ಲಿ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ ಸ್ವಲ್ಪ ರೇಸ್ ಕೊಟ್ಟಾಗಲೂ 13.5ರ ಆಚೀಚೆ ನಿಲ್ಲಬೇಕು. 15 ದಾಟಿದರೆ ಕಟೌಟ್, ಅಂದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಮೀಟರನ್ನು ಎಸಿ ವೋಲ್ಟೇಜಿಗೆ ತಿರುಗಿಸಿ ಹಿಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ, ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡಿನ ಮೇಲೆ ಅನುಮಾನ ಪಡಬೇಕು.

ಇಷ್ಟೆಲ್ಲ ನೋಡಿದರೂ ಕರಾವಳಿಯಲ್ಲಿ ಇನ್ನೊಂದು ಉಳಿಯುತ್ತದೆ: ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಆಲ್ಟರ್ನೇಟರಿನ ಮೈಗೆ ಹಿಡಿಯಿರಿ. ಇಂಜಿನ್ ಓಡುತ್ತ ಲೈಟು ಉರಿಯುತ್ತಿರುವಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತಪ್ಪು ಆಲ್ಟರ್ನೇಟರಿನದಲ್ಲ, ಇಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ಥ್ ಪಟ್ಟಿಯದು. ಉಪ್ಪುಗಾಳಿಗೆ ಆ ಪಟ್ಟಿ ಹಸಿರುಗಟ್ಟಿ ಒಳಗೊಳಗೇ ತಿಂದುಹೋಗುತ್ತದೆ. ಹೆದ್ದಾರಿಯಲ್ಲಿ ಮೀನು ಲಾರಿಯ ಹಿಂದೆ ಹೋದರೆ ಸುರಿಯುವ ಉಪ್ಪುನೀರು ನೇರ ಇಂಜಿನ್ನಿನ ಅಡಿಗೇ ಹಾರುತ್ತದೆ. ಕೆಲವೇ ನೂರು ರೂಪಾಯಿಯ ಆ ಪಟ್ಟಿ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಆಲ್ಟರ್ನೇಟರನ್ನೇ ಬದಲಿಸಿ ಸಾವಿರಗಟ್ಟಲೆ ಕಳೆದುಕೊಂಡವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ಈಗ ರಿಪೇರಿಯ ವಿಷಯ. ತಮ್ಮನ ಬೊಲೆರೋದಲ್ಲಿ ಚಾರ್ಜಿನ ಕೆಂಪು ದೀಪ ಮಂದವಾಗಿ ಉರಿಯತೊಡಗಿತ್ತು, ಬೆಲ್ಟಿನ ಕಡೆಯಿಂದ ಗೊರಗೊರ ಸದ್ದು ಬರುತ್ತಿತ್ತು. ದರ ಕೇಳಿದ್ದಕ್ಕೆ ನಮ್ಮೂರ ಆಟೋ ಇಲೆಕ್ಟ್ರಿಷಿಯನ್, "ಮಾಸ್ತರ್ರೇ, ಬಿಚ್ಚದೇ ದರ ಹೇಳೂಕೆ ಆಗೂದಿಲ್ಲ, ನೀವೂ ಇಲ್ಲೇ ಕೂತು ನೋಡಿ" ಎಂದ. ಹಾಗೆ ಹೇಳುವವನ ಕೈಗೇ ಕೆಲಸ ಕೊಡಬೇಕು ಎಂಬುದು ನನ್ನ ನಂಬಿಕೆ. ಬಿಚ್ಚಿದಾಗ ಒಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್‌ಗಳು 5 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದವು, ಅದರಲ್ಲೊಂದು ತನ್ನ ಗೂಡಿನಲ್ಲೇ ಸಿಕ್ಕಿಕೊಂಡಿತ್ತು. ಬ್ರಶ್ ತಾಗುವ ತಾಮ್ರದ ರಿಂಗುಗಳಲ್ಲಿ ಗೀರು ಬಿದ್ದಿತ್ತು. ಬೇರಿಂಗಿನ ಗ್ರೀಸು ಒಣಗಿತ್ತು. ಆದರೆ ಹೊರಸುತ್ತಿನ ಕಾಯಿಲ್, ಅಂದರೆ ಸ್ಟೇಟರ್, ಜೇನಿನ ಬಣ್ಣದಲ್ಲೇ ಇತ್ತು. ಕಪ್ಪಾಗಿರಲಿಲ್ಲ, ಸುಟ್ಟ ವಾಸನೆ ಇರಲಿಲ್ಲ. ಒಳಗೆ ತಿರುಗುವ ರೋಟರಿನ ಎರಡು ರಿಂಗುಗಳ ನಡುವೆ ಮೀಟರ್ ಹಿಡಿದರೆ ಸಾಮಾನ್ಯವಾಗಿ ಎರಡರಿಂದ ಐದು ಓಮ್ ಬರಬೇಕು, ರಿಂಗಿಗೂ ಶಾಫ್ಟಿಗೂ ನಡುವೆ ಸಂಪರ್ಕವೇ ತೋರಿಸಬಾರದು. ಅದೂ ಸರಿಯಿತ್ತು. ಅಂದರೆ ಕೆಟ್ಟಿದ್ದೆಲ್ಲ ಸವೆಯುವ ಸಾಮಾನೇ.

ರಿಂಗನ್ನು ಲೇತಿನಲ್ಲಿ ನುಣುಪು ಮಾಡಿಸಿ, ಬ್ರಶ್ಶೂ ಎರಡು ಬೇರಿಂಗೂ ಹೊಸದು ಹಾಕಿಸಿದೆವು. ಬೇರಿಂಗನ್ನು ನಾವೇ ತಂದೆವು, ಎರಡೂ ಬದಿ ರಬ್ಬರ್ ಸೀಲ್ ಇರುವಂಥದ್ದು. ಇದರಲ್ಲಿ ಹಣ ಉಳಿಸಲು ಹೋಗಬಾರದು. ಹೆಸರುವಾಸಿ ಕಂಪನಿಗಳ ಡಬ್ಬಿಯಲ್ಲಿ ನಕಲಿ ಬೇರಿಂಗ್ ಧಾರಾಳ ಸಿಗುತ್ತದೆ. ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಆ ಆಲ್ಟರ್ನೇಟರ್ ಇವತ್ತಿಗೂ ಅದೇ ಗಾಡಿಯಲ್ಲಿದೆ.

ಹಳೆಯ ಡೀಸೆಲ್ ಗಾಡಿಯವರು ಇಲ್ಲಿ ಇನ್ನೊಂದನ್ನು ಗಮನಿಸಲೇಬೇಕು. ಇಂಥ ಅನೇಕ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೂಡಿಸುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಒಂದೇ ಶಾಫ್ಟಿನಲ್ಲಿ ತಿರುಗುತ್ತದೆ, ಇಂಜಿನ್ ಆಯಿಲ್ ಅದರೊಳಗೆ ಹರಿಯುತ್ತದೆ. ಅದರ ಸೀಲ್ ಸೋರಿದರೆ ಆಯಿಲ್ ಕಾರ್ಬನ್ ಬ್ರಶ್ಶಿಗೆ ಇಳಿದು ಚಾರ್ಜಿಂಗ್ ನಿಲ್ಲುತ್ತದೆ. ಪಂಪಿನ ಹಲಗೆಗಳು ಸವೆದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ದೇವಿಮನೆಯ ತಿರುವಿನಲ್ಲಿ ಹಿಂದೆ ಹತ್ತು ಜನ ಕೂತಿರುವಾಗ ಪೆಡಲ್ ಕಲ್ಲಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ನಮ್ಮದನ್ನು ಬಿಚ್ಚಿದಾಗಲೇ ಪಂಪನ್ನೂ ನೋಡಿಸಿ ಸೀಲ್ ಬದಲಿಸಿದೆವು. ಕಣ್ಣೆದುರಿನ ರಿಪೇರಿಯನ್ನು ನಾನು ಮೇಲಿಡುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ರಿಪೇರಿಗೆ ಕೊರತೆಗಳಿಲ್ಲವೆಂದಲ್ಲ. ಡಯೋಡ್ ಪ್ಲೇಟು ಹಳೆಯದೇ ಉಳಿದಿದೆ, ಅದು ಯಾವಾಗ ಹೋಗುವುದೋ ಗೊತ್ತಿಲ್ಲ. ಗ್ಯಾರಂಟಿ ಎಂದರೆ ಮಿಸ್ತ್ರಿಯ ಬಾಯಿಮಾತು. ಸಾಮಾನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರಬೇಕಾದರೆ ಗಾಡಿ ನಿಂತೇ ಇರುತ್ತದೆ. ಘಟ್ಟ ಕುಸಿಯುವ ಜುಲೈಯಲ್ಲಿ ಆ ಬಸ್ಸಿನ ಭರವಸೆಯೂ ಇಲ್ಲ. ಬಾಡಿಗೆ ಓಡಿಸುವವನಿಗೆ ಅದು ದುಬಾರಿ.

ಭಾವ ರೀಕಂಡೀಷನ್ ತಂದದ್ದೂ ಇದೇ ಕಾರಣಕ್ಕೆ. ಹಳೆಯದು ಕೊಟ್ಟು, ನಾಲ್ಕು ಸಾವಿರ ಎಣಿಸಿ, ಅದೇ ದಿನ ಓಮ್ನಿ ರಸ್ತೆಗಿಳಿಯಿತು. ಬೆಳ್ಳಿ ಬಣ್ಣ ಬಳಿದು ಹೊಸದರಂತೆಯೇ ಕಾಣುತ್ತಿತ್ತು. ಹಗಲು ಮೀಟರ್ ಹಿಡಿದರೆ 14.2. ಮಳೆ ಹಿಡಿದ ಮೇಲೆ ಬಣ್ಣ ಬಯಲಾಯಿತು: ಹೆಡ್‌ಲೈಟು, ವೈಪರ್ ಹಾಕಿಕೊಂಡು ಸ್ವಲ್ಪ ಹೊತ್ತು ಓಡಿ ಬಿಸಿಯಾಗುತ್ತಿದ್ದಂತೆ ವೋಲ್ಟೇಜು ಹದಿಮೂರಕ್ಕಿಂತ ಕೆಳಗೆ ಇಳಿಯುತ್ತಿತ್ತು. ಬಿಚ್ಚಿಸಿದರೆ ಸ್ಟೇಟರಿಗೆ ಮೂಲದಲ್ಲಿದ್ದದ್ದಕ್ಕಿಂತ ತೆಳು ತಂತಿ ಸುತ್ತಿದ್ದರು. ತಂತಿ ತೆಳುವಾದಷ್ಟೂ ಅದು ಹೆಚ್ಚು ಬಿಸಿಯಾಗುತ್ತದೆ, ಕೊಡುವ ಆಂಪಿಯರು ಕುಗ್ಗುತ್ತದೆ. ಎರಡು ಹೆಡ್‌ಲೈಟ್ ಬಲ್ಬುಗಳೇ 55 ವ್ಯಾಟಿನವಾದರೆ ಒಂಬತ್ತು ಆಂಪಿಯರ್ ನುಂಗುತ್ತವೆ. ಘಟ್ಟದಲ್ಲಿ ಲಾರಿಯ ಹಿಂದೆ ತೆವಳುವಾಗ ಇಂಜಿನ್ನಿನ ವೇಗವೂ ಕಡಿಮೆ. ಲೇಬಲ್ಲಿನ ಮೇಲೆ ಬರೆದ ಆಂಪಿಯರನ್ನು ಯಾವ ಆಲ್ಟರ್ನೇಟರೂ ಐಡ್ಲಿಂಗಿನಲ್ಲಿ ಕೊಡುವುದಿಲ್ಲ. ಸಾಲದ್ದಕ್ಕೆ ಬೋಲ್ಟು ಕೂರುವ ಕಿವಿಗಳಿಗೂ ಬಣ್ಣ ಬಳಿದಿದ್ದರು. ಆಲ್ಟರ್ನೇಟರಿನ ಅರ್ಥ್ ಹೋಗುವುದೇ ಆ ಕಿವಿಗಳ ಮೂಲಕ.

ರೀಕಂಡೀಷನ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಮಾಲುಗಳು ಓಡಾಡುತ್ತವೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಪೂರ್ತಿ ಬಿಚ್ಚಿ ತೊಳೆದು, ಬೇರಿಂಗ್, ಬ್ರಶ್, ರೆಗ್ಯುಲೇಟರ್, ಡಯೋಡ್ ಎಲ್ಲ ಬದಲಿಸಿ, ಬೆಂಚಿನ ಮೇಲೆ ಲೋಡ್ ಕೊಟ್ಟು ಪರೀಕ್ಷಿಸಿ, ಬಿಲ್ಲಿನೊಂದಿಗೆ ಕೊಡುವಂಥದ್ದು ಒಂದು. ಅದು ಸಿಕ್ಕಿದರೆ ರಿಪೇರಿಗಿಂತಲೂ ವಾಸಿ. ಕೆಟ್ಟದ್ದೊಂದನ್ನು ಮಾತ್ರ ಬದಲಿಸಿ ಬಣ್ಣ ಹೊಡೆದದ್ದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ. ಏನೇನು ಬದಲಿಸಿದ್ದೀರಿ ಎಂದು ಬರೆದುಕೊಡಿ ಅನ್ನಿ. ಬರೆದುಕೊಡದವರ ಹತ್ತಿರ ಕೊಳ್ಳಬೇಡಿ. ನಿಮ್ಮ ಆಲ್ಟರ್ನೇಟರ್ ಒಳಗೆ ಗಟ್ಟಿಯಾಗಿದ್ದು ಬ್ರಶ್ ಮಾತ್ರ ಹೋಗಿದ್ದರೆ, ಅದನ್ನು ಕೊಟ್ಟು ಇನ್ನಾರದೋ ಸುಟ್ಟ ಕಾಯಿಲ್ ಮನೆಗೆ ತರುವ ವ್ಯಾಪಾರ ಇದು ಎಂಬುದೂ ನೆನಪಿರಲಿ.

ಸ್ವಿಫ್ಟಿಗೆ ಹೊಸದನ್ನೇ ಹಾಕಿಸಿದ್ದಕ್ಕೆ ಬೇರೆ ದಾರಿ ಇರಲಿಲ್ಲ. ಸ್ಟೇಟರಿನ ಕಬ್ಬಿಣದ ಪದರಗಳು ತುಕ್ಕಿಗೆ ಉಬ್ಬಿ, ಇನ್ಸುಲೇಷನ್ ಹರಿದು, ಕಾಯಿಲ್ ಆಲ್ಟರ್ನೇಟರಿನ ಮೈಗೆ ತಾಗಿತ್ತು. ಸ್ಟೇಟರಿಗೂ ರೋಟರಿಗೂ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ತುಕ್ಕು ಉಬ್ಬಲು ಅಲ್ಲಿ ಜಾಗವೇ ಇಲ್ಲ. ಈಚಿನ ಕಾರುಗಳ ಎಷ್ಟೋ ಆಲ್ಟರ್ನೇಟರುಗಳಲ್ಲಿ ದುಂಡು ತಂತಿಯ ಬದಲು ಚಪ್ಪಟೆ ತಾಮ್ರದ ತುಂಡುಗಳನ್ನು ಬಾಗಿಸಿ ಬೆಸೆದಿರುತ್ತಾರೆ. ಅದನ್ನು ವೈಂಡಿಂಗ್ ಅಂಗಡಿಯಲ್ಲಿ ಕೈಯಿಂದ ಸುತ್ತಲಾಗದು. ಹನ್ನೊಂದು ಸಾವಿರ ಕೊಟ್ಟೆ. ಬಿಲ್ಲು, ವಾರಂಟಿ ಸಿಕ್ಕಿತು, ಮಳೆಯಲ್ಲೂ ವೋಲ್ಟೇಜು ಅಲುಗಲಿಲ್ಲ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಪುಲ್ಲಿಯಲ್ಲಿ ಬೆಲ್ಟ್ ಕೂರುವ ಕಚ್ಚುಗಳು, ಪ್ಲಗ್ಗಿನ ಪಿನ್ನುಗಳು, ಆಂಪಿಯರ್ ಈ ಮೂರನ್ನೂ ಹೋಲಿಸಿ ನೋಡಿ. ಇಂಜಿನ್ನಿನ ಅಡಿಯ ಪ್ಲಾಸ್ಟಿಕ್ ಹೊದಿಕೆ ಮುರಿದಿದ್ದರೆ ಅದನ್ನೂ ಹಾಕಿಸಿ. ಅದಿಲ್ಲದಿದ್ದರೆ ಹೊಸದಕ್ಕೂ ಅದೇ ಉಪ್ಪುನೀರಿನ ಅಭಿಷೇಕ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟವಿಲ್ಲ. ಅಲ್ಲಿನ ಹಳೆಯ ಗಾಡಿಗಳ ಸ್ಟೇಟರ್ ಗಟ್ಟಿ ಇರುತ್ತದೆ, ರಿಪೇರಿ ಬಹುಕಾಲ ಬಾಳುತ್ತದೆ. ಕಾರವಾರ, ಅಂಕೋಲಾದಲ್ಲಿ ಕಡಲಿಗೆ ತಾಗಿ ಮನೆಯಿದ್ದವರ ಗಾಡಿಯಲ್ಲಿ ಆಲ್ಟರ್ನೇಟರಿನ ಮೈ ಬೆಳ್ಳಗೆ ಪುಡಿಯುದುರುತ್ತಿದ್ದರೆ ರಿಪೇರಿಗೆ ಹಣ ಸುರಿಯಬೇಡಿ. ಮನೆಯಲ್ಲಿ ಹೃದಯದ ಕಾಯಿಲೆಯವರೋ ತುಂಬು ಬಸುರಿಯೋ ಇದ್ದರೂ ನಾನು ಹೊಸದನ್ನೇ ಹೇಳುತ್ತೇನೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಕೇಳುತ್ತಲೇ ಬಂದಿದ್ದಾರೆ; ಮಧ್ಯರಾತ್ರಿ ಎದೆನೋವು ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ಆ ದಾರಿಯಲ್ಲಿ ಹೆಡ್‌ಲೈಟ್ ಮಂಕಾಗುವ ಗಾಡಿ ಬೇಡ.

ಯಾವುದನ್ನೇ ಹಾಕಿಸಿ, ಅದಕ್ಕೆ ಮೊದಲು ಬ್ಯಾಟರಿಯನ್ನು ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಸತ್ತ ಬ್ಯಾಟರಿಯನ್ನು ತುಂಬಿಸುವ ಕೆಲಸ ಹೊಸ ಆಲ್ಟರ್ನೇಟರಿಗೆ ಬಿದ್ದರೆ ಅದು ಮೊದಲ ದಿನವೇ ವಿಪರೀತ ಬಿಸಿಯಾಗುತ್ತದೆ. ಚಾರ್ಜ್ ಆಗುತ್ತಿದೆಯೇ ನೋಡುತ್ತೇನೆಂದು ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವಯರ್ ಕಳಚುವ ಹಳೆಯ ಪದ್ಧತಿ ಇನ್ನೂ ಕೆಲವು ಗ್ಯಾರೇಜುಗಳಲ್ಲಿದೆ. ಆ ಕ್ಷಣ ಏರುವ ವೋಲ್ಟೇಜಿಗೆ ಡಯೋಡೂ ರೆಗ್ಯುಲೇಟರೂ ಸುಡಬಹುದು. ಮಿಸ್ತ್ರಿ ಎಷ್ಟೇ ಪರಿಚಿತನಾಗಿರಲಿ, ಅದಕ್ಕೆ ಮಾತ್ರ ಒಪ್ಪಬೇಡಿ.