ಮಂಜೋ ಹೊಂಜೋ? ಅಗ್ಗದ ಗಾಳಿ ಮೀಟರಿಗೆ ಮಲೆನಾಡಿನ ಪರೀಕ್ಷೆ

ಆನ್‌ಲೈನ್‌ನಲ್ಲಿ ಮೂರು ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಅಂಗೈಯಗಲದ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿಸಣ್ಣ ದೂಳುಕಣ) ಮೀಟರುಗಳಿಗೆ ಬ್ರಾಂಡ್ ಹತ್ತಾರು, ಹೊಟ್ಟೆಯೊಳಗಿನ ಸರಕು ಹೆಚ್ಚುಕಮ್ಮಿ ಒಂದೇ: ಪುಟ್ಟ ಫ್ಯಾನು, ಲೇಸರು, ಬೆಳಕು ಹಿಡಿಯುವ ಡಯೋಡು. ಫ್ಯಾನು ಎಳೆದ ಗಾಳಿಯಲ್ಲಿರುವ ಕಣಗಳು ಲೇಸರ್ ಬೆಳಕನ್ನು ಚದುರಿಸುತ್ತವೆ. ಎಷ್ಟು ಚದುರಿತು ಎಂಬುದರ ಮೇಲೆ ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಪರದೆ ಹೇಳುತ್ತದೆ. ದೂಳನ್ನು ಅದು ತೂಗುವುದಿಲ್ಲ, ಅಂದಾಜು ಕಟ್ಟುತ್ತದೆ. ಮಲೆನಾಡಿನಲ್ಲಿ ತಾಪತ್ರಯ ಶುರುವಾಗುವುದೇ ಇಲ್ಲಿ.

ಇಂಗ್ಲಿಷಿನ ‘ಸ್ಮಾಗ್’ ಹೊಗೆ ಮತ್ತು ಮಂಜಿನ ಪದಗಳನ್ನು ಬೆಸೆದದ್ದು. 1905ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಡೆ ವೋ ಅದನ್ನು ಚಾಲ್ತಿಗೆ ತಂದರೆನ್ನುತ್ತಾರೆ. ಕನ್ನಡದಲ್ಲೂ ಅದೇ ಬೆಸುಗೆಯಿಂದ ‘ಹೊಂಜು’ ಬಂತು. ‘ಹೊಗೆಮಂಜು’ ಎಂದರೂ ನಡೆಯುತ್ತದೆ, ಆದರೆ ಶೀರ್ಷಿಕೆಗೆ ಹೊಂಜೇ ಚೆಂದ. ಆಗುಂಬೆ ಘಾಟಿಯ ಬೆಳ್ಳನೆ ಪರದೆಯನ್ನು ಮಾತ್ರ ಹೊಂಜು ಎನ್ನಬಾರದು. ಅದು ಬರೀ ಮಂಜು, ಹಳಬರ ಮಾತಿನಲ್ಲಿ ಕಾವಳ. ಹೊಂಜಿಗೆ ಹೊಗೆ ಬೇಕೇ ಬೇಕು. ಮಂಜು ಇಲ್ಲದಿದ್ದರೂ ಆದೀತು: ಲಾಸ್ ಏಂಜಲೀಸ್‌ನ ಹೊಂಜು ವಾಹನಗಳ ಹೊಗೆ ಬಿಸಿಲಿನಲ್ಲಿ ಬೆಂದು ಹುಟ್ಟುವಂಥದ್ದು, ಅದರ ಮುಖ್ಯ ವಿಷ ಓಝೋನ್. ಈ ಮೀಟರಿಗೆ ಓಝೋನ್ ಕಾಣುವುದೇ ಇಲ್ಲ.

ಅದಕ್ಕೆ ಕಾಣುವುದು ನೀರಿನ ಹನಿ. ಗಾಳಿಯ ಆರ್ದ್ರತೆ ಶೇ 80 ದಾಟಿದರೆ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಮಂಜಿನ ಸಣ್ಣ ಹನಿಗಳೂ ಕಣಗಳ ಲೆಕ್ಕಕ್ಕೆ ಸೇರುತ್ತವೆ. ಆಗ ಶುದ್ಧ ಗಾಳಿಯಲ್ಲೂ ಪರದೆ ಕೆಂಪಾದೀತು. ಶಿವಮೊಗ್ಗದ ವಿನೋಬನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ. ಇಂಥ ಕೇಂದ್ರಗಳ ಯಂತ್ರಗಳು ಎಳೆದ ಗಾಳಿಯನ್ನು ಬಿಸಿಮಾಡಿ ತೇವ ಕಳೆದ ಮೇಲೇ ಅಳೆಯುತ್ತವೆ. ಅಗ್ಗದ ಪೆಟ್ಟಿಗೆಯಲ್ಲಿ ಆ ವ್ಯವಸ್ಥೆ ಇಲ್ಲ.

ಹಾಗೆಂದು ಕೊಳ್ಳಲೇಬಾರದೆಂದಲ್ಲ. ಆರ್ದ್ರತೆಯನ್ನೂ ತೋರಿಸುವ ಮಾಡೆಲ್ಲನ್ನೇ ಆರಿಸಿ; ಅದು ಶೇ 75ಕ್ಕಿಂತ ಕೆಳಗಿದ್ದಾಗಿನ ಅಂಕಿಯನ್ನಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಚಳಿಗಾಲದ ಬೆಳಗ್ಗೆ ತುಂಗೆಯ ದಡದಲ್ಲಿ ಮಂಜು, ಹೊಗೆ ಎರಡೂ ಬೆರೆತಿರುತ್ತವೆ. ಬಚ್ಚಲೊಲೆ, ತರಗೆಲೆಗಿಟ್ಟ ಬೆಂಕಿ, ಅಡಿಕೆ ಬೇಯಿಸುವ ಒಲೆಗಳ ಹೊಗೆ ಮೇಲೇಳದೆ ನೆಲದ ಮೇಲಿನ ತಣ್ಣನೆ ಗಾಳಿಯಲ್ಲೇ ಕೂತಿರುತ್ತದೆ, ಮಂಜೂ ಅಲ್ಲೇ ಇರುತ್ತದೆ. ಬಿಸಿಲೇರಿ ಮಂಜು ಕರಗಿದ ಮೇಲೂ ಅಂಕಿ ಇಳಿಯದಿದ್ದರೆ, ಮೂಗಿಗೆ ಸುಟ್ಟ ವಾಸನೆ ಬಡಿದರೆ, ಆಗ ಹೊಂಜು ಎನ್ನಲು ಅಡ್ಡಿಯಿಲ್ಲ. ಮೂಗು ಇನ್ನೂ ಒಳ್ಳೆಯ ಮೀಟರೇ.

ಪರದೆಯಲ್ಲಿ ಇನ್ನೊಂದು ಮೋಸವಿದೆ. ಬಹಳಷ್ಟು ಮಾಡೆಲ್ಲುಗಳು ಎಕ್ಯೂಐಯನ್ನು, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕವನ್ನು, ಅಮೆರಿಕದ ಮಾಪನದಲ್ಲಿ ತೋರಿಸುತ್ತವೆ. ಪಿಎಂ 2.5ರ ಮಟ್ಟ 60 ಮೈಕ್ರೋಗ್ರಾಂ ಇದ್ದರೆ ನಮ್ಮ ಸೂಚ್ಯಂಕದಲ್ಲಿ ಅದು 100, ಅಂದರೆ ‘ಸಮಾಧಾನಕರ’ದ ಕೊನೆಯ ಮೆಟ್ಟಿಲು, ಅಮೆರಿಕದ್ದರಲ್ಲಿ 150 ದಾಟಿ ಕೆಂಪು. ಸಾಲದ್ದಕ್ಕೆ ನಮ್ಮ ಸೂಚ್ಯಂಕಕ್ಕೆ ಹಿಡಿಯುವುದು 24 ಗಂಟೆಯ ಸರಾಸರಿ, ಮೀಟರು ತೋರುವುದು ಆ ಕ್ಷಣದ್ದು. ಒಗ್ಗರಣೆ ಹಾಕಿದಾಗಲೋ ಊದುಬತ್ತಿ ಹಚ್ಚಿದಾಗಲೋ 300 ಕಂಡರೆ ಗಾಬರಿ ಬೇಡ. ಸೆಟ್ಟಿಂಗ್‌ನಲ್ಲಿ ಎಕ್ಯೂಐ ಬಿಟ್ಟು ಮೈಕ್ರೋಗ್ರಾಂ ಆಯ್ದುಕೊಳ್ಳುವುದು ಲೇಸು. ಕೆಲವು ಮಾಡೆಲ್ಲುಗಳು ತೋರಿಸುವ ಫಾರ್ಮಾಲ್ಡಿಹೈಡ್ ಎಂಬ ಅನಿಲದ ಅಂಕಿಯನ್ನಂತೂ ಮರೆತುಬಿಡಿ, ಹತ್ತಿರದಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡರೂ ಅದು ಜಿಗಿಯುತ್ತದೆ.

ಒಲೆಯಿಂದ ದೂರ, ಎದೆಮಟ್ಟದಲ್ಲಿ, ಗಾಳಿಕಿಂಡಿ ಗೋಡೆಗೆ ತಾಗದಂತೆ ಇಡಬೇಕು. ಆನ್ ಮಾಡಿದ ಮೊದಲ ಅರ್ಧ ನಿಮಿಷದ ಅಂಕಿ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ಒಳಗೆ ತೇವ ಕಟ್ಟಿ ಡಯೋಡು ಮಸುಕಾಗುತ್ತದೆ. ಇರುವೆಯೋ ಜೇಡವೋ ಒಳಗೆ ಸೇರಿಕೊಂಡರೆ ಗಾಳಿ ಹೇಗಿದ್ದರೂ ಅಂಕಿ ಮೇಲೇ ನಿಲ್ಲುತ್ತದೆ. ಅನುಮಾನ ಬಂದರೆ ಮೀಟರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ನಾಲ್ಕಾರು ಸಿಲಿಕಾ ಪೊಟ್ಟಣಗಳ ಜೊತೆ, ಅರ್ಧ ಗಂಟೆ ಚಾಲೂ ಇಡಿ. ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಪ್ಪತ್ತು ಮೂವತ್ತರಲ್ಲೇ ಅಂಟಿ ಕೂತರೆ ಕಿಂಡಿಗೆ ಮೆಲ್ಲಗೆ ಬ್ಲೋವರ್ ಗಾಳಿ ಊದಿ ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ, ವಾಪಸು ಕಳಿಸುವ ಗಡುವು ಮುಗಿಯುವ ಮುಂಚೆ ಕಳಿಸಿಬಿಡಿ.