ಒಂದೇ ರೆಸ್ಯೂಮೆ, ನಾಲ್ಕು ಬಾಗಿಲು: ಅಂಗವಿಕಲರಿಗೆ ಕೆಲಸ ಹೊಂದಿಸುವವರ ಹೋಲಿಕೆ

ನನಗೆ ಪೂರ್ತಿ ಕಣ್ಣು ಕಾಣುವುದಿಲ್ಲ. ಬಿ.ಕಾಂ. ಓದಿದ್ದೇನೆ, ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು ಎಕ್ಸೆಲ್‌ನಲ್ಲಿ ಲೆಕ್ಕ ತಾಳೆ ನೋಡುವುದು ನನ್ನ ಕಸುಬು. ಹಳೆಯ ಕಂಪನಿ ಮೈಸೂರಿನ ಶಾಖೆ ಮುಚ್ಚಿದ ಮೇಲೆ ಮತ್ತೆ ಕೆಲಸ ಹುಡುಕಲು ಇಳಿದೆ. ಈಗ ಯಾವ ಸೈಟಿಗೆ ಹೋದರೂ ‘ನಿಮಗೆ ಶೇಕಡಾ ಇಷ್ಟು ಹೊಂದುವ ಕೆಲಸ’ ಎಂದು ಕಂಪ್ಯೂಟರೇ ಜಾತಕ ಕೂಡಿಸಿಕೊಡುತ್ತದೆ. ಸರಿ, ನೋಡೇಬಿಡೋಣ ಅಂತ ಒಂದೇ ರೆಸ್ಯೂಮೆಯನ್ನು ಎಲ್ಲ ಕಡೆ ಹಾಕಿದೆ. ನನ್ನ ಅನುಭವ ದೂರಿನಂತೆ ಕೇಳಿಸಬಹುದು, ಹಾಗಾಗಿ ಸೈಟುಗಳ ಹೆಸರು ಬೇಡ.

ಮೊದಲನೆಯದು ಎಲ್ಲರೂ ಬಳಸುವ ದೊಡ್ಡ ಜಾಬ್ ಸೈಟ್. ಅದು ನೋಡುವುದು ರೆಸ್ಯೂಮೆಯಲ್ಲಿನ ಪದಗಳು, ಊರು, ಸಂಬಳ, ಜೊತೆಗೆ ನಾನು ಯಾವುದನ್ನು ಒತ್ತಿದೆ ಎಂಬುದು. ನನ್ನ ಕಣ್ಣಿನ ವಿಷಯ ಅದಕ್ಕೆ ಗೊತ್ತಿಲ್ಲ, ಅದೇ ಅದರ ದೊಡ್ಡ ಗುಣ. ಅಕೌಂಟ್ಸ್ ಕೆಲಸಗಳೇ ಬಂದವು, ಧಾರಾಳವಾಗಿ. ಎಡವಟ್ಟಾದದ್ದು ಅರ್ಜಿ ಹಾಕಿದ ಮೇಲೆ: ಬಣ್ಣದ ಚೌಕಗಳನ್ನು ಎಳೆದು ಜೋಡಿಸುವ ಆಟದ ಪರೀಕ್ಷೆ, ಆಮೇಲೆ ಕ್ಯಾಮೆರಾ ದಿಟ್ಟಿಸಿ ಮಾತಾಡಬೇಕಾದ ವಿಡಿಯೊ ಸಂದರ್ಶನ. ಇಂಥ ವಿಡಿಯೊ ಸಂದರ್ಶನದ ತಂತ್ರಾಂಶ ಮಾರುವ ಅಮೆರಿಕದ ಹೈರ್‌ವ್ಯೂ ಕಂಪನಿ ಅಭ್ಯರ್ಥಿಯ ಮುಖಭಾವ ಅಳೆದು ಅಂಕ ಹಾಕುವುದನ್ನು ಬಿಟ್ಟಿರುವುದಾಗಿ 2021ರಲ್ಲೇ ಹೇಳಿತು. ಇಲ್ಲಿ ನನ್ನ ವಿಡಿಯೊ ನೋಡಿದ್ದು ಮನುಷ್ಯನೋ ಯಂತ್ರವೋ, ಯಾರೂ ಹೇಳಲಿಲ್ಲ.

ಎರಡನೆಯದು ಅಂಗವಿಕಲರಿಗೆಂದೇ ಕಟ್ಟಿದ ವೇದಿಕೆ. ಫಾರ್ಮ್ ತುಂಬುವುದು ಸುಖ. ಪ್ರತಿ ಖಾನೆಗೂ ಲೇಬಲ್ ಇದೆ, ಎನ್‌ವಿಡಿಎ ತಡವರಿಸದೆ ಓದುತ್ತದೆ. ಯುಡಿಐಡಿ ಕಾರ್ಡಿನಲ್ಲಿರುವ (ಅಂಗವಿಕಲರ ಗುರುತಿನ ಚೀಟಿ) ವೈಕಲ್ಯದ ಶೇಕಡಾವಾರು, ಬಳಸುವ ಸಾಧನ, ಓಡಾಟಕ್ಕೆ ಜೊತೆ ಬೇಕೇ, ಎಲ್ಲ ಕೇಳಿತು. ಇಷ್ಟೆಲ್ಲ ಕೇಳಿ ಕೊಟ್ಟದ್ದೇನು? ಟೆಲಿಕಾಲರ್. ಮತ್ತೆ ಟೆಲಿಕಾಲರ್. ಅದರ ಕೆಳಗೆ ‘ಕಸ್ಟಮರ್ ಕೇರ್’, ಅಂದರೆ ಅದೇ ಟೆಲಿಕಾಲರ್, ಇಸ್ತ್ರಿ ಹಾಕಿದ್ದು.

ಅನುಮಾನ ಬಂದು ಒಂದೇ ಒಂದು ಖಾನೆ ಬದಲಿಸಿ ನೋಡಿದೆ. ‘ಅಂಧತ್ವ’ ಇದ್ದಲ್ಲಿ ‘ಚಲನವೈಕಲ್ಯ’ ಎಂದು ಹಾಕಿದೆ, ಉಳಿದದ್ದೆಲ್ಲ ಹಾಗೇ. ಪುಟ ಮತ್ತೆ ತೆರೆದಾಗ ಬಿಲ್ಲಿಂಗ್, ಬ್ಯಾಕ್ ಆಫೀಸ್, ಎಂಐಎಸ್ (ಕಂಪನಿಯ ಅಂಕಿಅಂಶದ ವರದಿ ತಯಾರಿಸುವ ಕೆಲಸ) ಎಲ್ಲ ಮೇಲೆ ಬಂದು ಕೂತಿದ್ದವು. ತಕ್ಷಣ ಮೊದಲಿನಂತೆ ಮಾಡಿಬಿಟ್ಟೆ, ಅದು ಬೇರೆ ಮಾತು. ಆದರೆ ನನ್ನ ಎಕ್ಸೆಲ್ ಅನುಭವಕ್ಕಿಂತ ನನ್ನ ಅಂಗವೈಕಲ್ಯದ ಸರ್ಟಿಫಿಕೇಟಿಗೆ ಅಲ್ಲಿ ತೂಕ ಜಾಸ್ತಿ ಎಂಬುದು ಖಾತ್ರಿಯಾಯಿತು. ಹಿಂದೆ ಅಂಧರನ್ನು ತೆಗೆದುಕೊಂಡದ್ದು ಹೆಚ್ಚಾಗಿ ಕಾಲ್ ಸೆಂಟರುಗಳೇ ಆಗಿದ್ದರೆ, ಹಳೆಯ ನೇಮಕಾತಿಯಿಂದ ಪಾಠ ಕಲಿಯುವ ಯಂತ್ರ ಅದನ್ನೇ ಒಪ್ಪಿಸುತ್ತದೆ. ಇನ್ನೂ ಬೇಸರದ ಸಂಗತಿ: ನನ್ನನ್ನು ಅಷ್ಟೊಂದು ಜಾಲಾಡಿದ ವೇದಿಕೆಯಲ್ಲಿ ಕಂಪನಿ ಕಡೆಯ ವಿವರ ಎಂದು ಕಂಡದ್ದು ಯಾವ ವೈಕಲ್ಯದವರು ಆಗಬಹುದು ಎಂಬ ಟಿಕ್ ಗುರುತು ಮಾತ್ರ. ಅವರ ಸಾಫ್ಟ್‌ವೇರ್ ಯಾವುದು, ಲಿಫ್ಟ್ ಇದೆಯೇ, ಬಸ್ ಸ್ಟಾಪ್ ಎಷ್ಟು ದೂರ ಎಂಬ ಯಾವುದೂ ಇಲ್ಲ.

ಮೂರನೆಯದನ್ನು ಅಲ್ಗಾರಿದಮ್ ಎಂದರೆ ನಗುತ್ತೀರೇನೋ. ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಹೊರಡಿಸಿದ, ಅಂಗವಿಕಲರಿಗೆ ತಕ್ಕದ್ದೆಂದು ಗುರುತಿಸಿದ ಹುದ್ದೆಗಳ ಪಟ್ಟಿ. ಒಟ್ಟು 3,566 ಹುದ್ದೆಗಳು. ಪ್ರತಿ ಹುದ್ದೆಯ ಮುಂದೆ ಆ ಕೆಲಸಕ್ಕೆ ಏನೇನು ಬೇಕು ಎಂಬ ಸಂಕೇತ: ಎಸ್ ಅಂದರೆ ಕೂರುವುದು, ಎಸ್‌ಟಿ ನಿಲ್ಲುವುದು, ಎಸ್‌ಇ ನೋಡುವುದು, ಎಂಎಫ್ ಬೆರಳಾಡಿಸುವುದು. ಅದರ ಪಕ್ಕದಲ್ಲಿ ಯಾವ ವೈಕಲ್ಯದವರಿಗೆ ಸಲ್ಲುತ್ತದೆ ಎಂಬುದು. ಕಂಪ್ಯೂಟರ್ ಇಲ್ಲದ ಮ್ಯಾಚಿಂಗ್ ಇದು. ಒರಟು ನಿಜ, ಆದರೆ ನನ್ನನ್ನು ಯಾಕೆ ಬಿಟ್ಟರು ಎಂಬುದು ಕಪ್ಪು ಬಿಳುಪಿನಲ್ಲಿದೆ. ಜಗಳ ಆಡಬಹುದು. ವೆಬ್‌ಸೈಟಿನ ‘ಶೇಕಡಾ ಇಷ್ಟು’ ಜೊತೆ ಎಲ್ಲಿಂದ ಜಗಳ ಆಡುವುದು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಶೇಕಡಾ 4 ಮೀಸಲಾತಿಯೂ ಇದರ ಬೆನ್ನಿಗಿದೆ, ಅದರಲ್ಲಿ ಶೇಕಡಾ 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಮಿತಿ ಎಂದರೆ ಇದು ಸರ್ಕಾರಿ ನೌಕರಿಗೆ ಮಾತ್ರ, ಅಧಿಸೂಚನೆ ಬರುವ ತನಕ ಕಾಯಬೇಕು. ಬಂದಾಗಲೂ ಸುಖವಿಲ್ಲ: ಒಂದು ಇಲಾಖೆಯ ಪ್ರಕಟಣೆ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿತ್ತು, ನನ್ನ ಸ್ಕ್ರೀನ್ ರೀಡರ್ ಅದನ್ನು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಮಾಡಿ ಓದಿತು.

ನಾಲ್ಕನೆಯದು ಯಂತ್ರವಲ್ಲ, ಒಬ್ಬ ಪ್ಲೇಸ್‌ಮೆಂಟ್ ಮೇಡಂ. ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ಅಂಗವಿಕಲರಿಗೆ ಕೆಲಸ ಕೊಡಿಸುವ ಕ್ಷೇತ್ರದಲ್ಲಿದೆ. ನಾನು ಹೋದದ್ದು ಬೇರೆ, ಚಿಕ್ಕ ಸಂಸ್ಥೆಗೆ. ಅವರ ಕೈಯಲ್ಲಿದ್ದ ಕಂಪನಿಗಳು ಕಡಿಮೆ, ಕೆಲಸ ನಿಧಾನ. ಆದರೆ ಅವರು ನನ್ನನ್ನು ಕೇಳಿದ್ದಕ್ಕಿಂತ ಕಂಪನಿಯವರನ್ನು ಕೇಳಿದ್ದೇ ಹೆಚ್ಚು. ಬಿಡಿಭಾಗ ಮಾರುವ ಒಂದು ಡಿಸ್ಟ್ರಿಬ್ಯೂಟರ್ ಆಫೀಸಿಗೆ ಫೋನ್ ಮಾಡಿ, ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ಮುಂದೆ ನನ್ನನ್ನು ಕೂರಿಸಿದರು. ಟ್ಯಾಬ್ ಒತ್ತಿದರೆ ಎನ್‌ವಿಡಿಎ ‘ಪೇನ್, ಪೇನ್’ (ಪರದೆಯ ಒಂದು ಭಾಗ ಎಂದಷ್ಟೇ ಅರ್ಥ) ಅನ್ನುತ್ತಿತ್ತೇ ಹೊರತು ಇನ್‌ವಾಯ್ಸ್ ನಂಬರ್ ಹೇಳಲಿಲ್ಲ. ಯಾವ ಅಲ್ಗಾರಿದಮ್ಮಾದರೂ ಅಲ್ಲಿಗೆ ಸೊನ್ನೆ ಹಾಕಿ ಮುಗಿಸುತ್ತಿತ್ತು. ಮೇಡಂ ಕೇಳಿದರು: “ಇದರ ಡೇಟಾ ಎಕ್ಸೆಲ್‌ಗೆ ತೆಗೆಯೋಕೆ ಬರುತ್ತಾ?” ಬರುತ್ತಿತ್ತು. ಬಿಲ್ ಹಾಕುವುದು ಇನ್ನೊಬ್ಬರಿಗೆ, ಬ್ಯಾಂಕ್ ಖಾತೆ ಜೊತೆ ತಾಳೆ ನೋಡುವುದು ನನಗೆ ಅಂತ ಕೆಲಸವನ್ನೇ ಹಂಚಿ ಹಾಕಿದರು. ಇದ್ದ ಹುದ್ದೆಗೆ ಇದ್ದ ಮನುಷ್ಯನನ್ನು ಹೊಂದಿಸುವ ಯಾವ ಸೈಟೂ ಹುದ್ದೆಯನ್ನೇ ಸ್ವಲ್ಪ ಬಗ್ಗಿಸಿ ನೋಡುವುದಿಲ್ಲ. ಕಾಯ್ದೆಯೂ ಇಂಥ ಹೊಂದಾಣಿಕೆಯ ಮಾತನ್ನೇ ಆಡುತ್ತದೆ.

ಆಯ್ಕೆ ಕೇಳಿದರೆ, ಖಾಲಿ ಜಾಗ ಎಲ್ಲಿದೆ ಎಂದು ತಿಳಿಯಲು ದೊಡ್ಡ ಸೈಟ್, ಒಳಗೆ ಹೋಗಲು ಮೇಡಂ. ವಿಶೇಷ ವೇದಿಕೆಯಲ್ಲಿ ಪ್ರೊಫೈಲ್ ಇರಲಿ, ಆದರೆ ‘ಕೌಶಲ’ದ ಖಾನೆಯಲ್ಲಿ ಏನು ಬರುತ್ತದೆ ಎಂಬುದರ ಜೊತೆ ಯಾವ ಸಾಧನದಿಂದ ಮಾಡುತ್ತೀರಿ ಎಂಬುದನ್ನೂ ಬರೆಯಿರಿ. ಇನ್ನೊಂದು: ಅದೇ ಕಾಯ್ದೆಯಡಿಯ 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಯಾವ ಹುದ್ದೆ ಅಂಗವಿಕಲರಿಗೆ ಸಲ್ಲುತ್ತದೆ ಎಂದೂ ಅದರಲ್ಲಿ ಹೇಳಬೇಕು. ಸಂದರ್ಶನಕ್ಕೆ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿ ಅದನ್ನು ಕೇಳಿ.